ಬೇಟೆಗಾರನ ಬೆನ್ನ ಮೇಲಿನ ಹೊರೆ

ನಮ್ಮ ಹಳೆಯ ಕಾವ್ಯಗಳಲ್ಲಿ ಬೇಟೆಯ ವರ್ಣನೆಗೆ ಬರವಿಲ್ಲ. ಪಂಪಭಾರತದಲ್ಲಿ ಬೇಟೆಯಿದೆ, ಪಂಪನ ನಂತರ ಬಂದ ಕವಿಗಳೂ ಬಿಲ್ಲು, ಬಲೆ, ನಾಯಿ, ಹಂದಿಗಳನ್ನು ಉತ್ಸಾಹದಿಂದಲೇ ಬಣ್ಣಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಕಾಳಿ ಎಂಬ ಒಂದು ಬೇಟೆನಾಯಿಯನ್ನು ಅಮರಗೊಳಿಸಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಆ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ಇದು ನ್ಯಾಯವೇ. ಆದರೆ ಶಾಸನಗಳನ್ನೂ ಕಾವ್ಯಗಳನ್ನೂ ಓದುವಾಗ ನನ್ನಂಥ ಲೆಕ್ಕಾಚಾರದ ಮನುಷ್ಯನಿಗೆ ಒಂದು ಪ್ರಶ್ನೆ ಏಳುತ್ತದೆ. ಬಾಣ ನಾಟಿ ಮೃಗ ಉರುಳಿತು, ಸರಿ. ಆಮೇಲೆ? ಮಣಗಟ್ಟಲೆ ತೂಗುವ ಆ ಒಡಲನ್ನು ಕಾಡಿನಿಂದ ಮನೆಗೆ ಹೊತ್ತು ತಂದವರು ಯಾರು? ಹೇಗೆ ತಂದರು?

ಬೇಟೆಯ ಇತಿಹಾಸವನ್ನು ಬರೆದವರು ಬಿಲ್ಲು, ಬಂದೂಕುಗಳ ವಿಷಯದಲ್ಲಿ ಸಂಪುಟಗಳನ್ನೇ ತುಂಬಿದ್ದಾರೆ. ಹೊರೆಯ ವಿಷಯದಲ್ಲಿ ಅವರ ಮಾತು ಕಡಿಮೆ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಮೋಜಿಗೆ ತೆರೆ ಎಳೆಯಿತು, ಅದು ಎಳೆದದ್ದೇ ಒಳ್ಳೆಯದಾಯಿತು. ನಾನು ಬಂದೂಕು ಹಿಡಿದವನಲ್ಲ, ಹಿಡಿಯುವ ಆಸೆಯೂ ಇಲ್ಲ. ಆದರೂ ಈ ಹೊರೆಯ ಕಥೆ ನನ್ನನ್ನು ಹಿಡಿದಿದೆ. ಏಕೆಂದರೆ ಒಂದು ಸಮಾಜದಲ್ಲಿ ಭಾರವನ್ನು ಹೊರುವವನು ಯಾರು ಎಂಬುದಕ್ಕೂ, ಆ ಸಮಾಜ ಎಂಥ ಉಪಕರಣವನ್ನು ಕಂಡುಹಿಡಿಯುತ್ತದೆ ಎಂಬುದಕ್ಕೂ ಇರುವ ನಂಟು ಇದರಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

೧೯೦೯ನೆಯ ಇಸವಿಯನ್ನು ತೆಗೆದುಕೊಳ್ಳೋಣ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ ಅವರು ಏಪ್ರಿಲಿನಲ್ಲಿ ಮೊಂಬಾಸಾದಲ್ಲಿ ಹಡಗಿನಿಂದ ಇಳಿದರು. ಪೂರ್ವ ಆಫ್ರಿಕದಲ್ಲಿ ಅವರು ನಡೆಸಿದ ಬೇಟೆಯ ಯಾತ್ರೆ ಜಗತ್ಪ್ರಸಿದ್ಧ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗಾಗಿ ಪ್ರಾಣಿಗಳ ಚರ್ಮಗಳನ್ನು ಕೆಡದಂತೆ ಇಡಲು ಉಪ್ಪೇ ನಾಲ್ಕು ಟನ್ನುಗಳಷ್ಟು ಹೊರಟಿತು. ಡೇರೆ, ಪುಸ್ತಕ, ಉಪ್ಪು, ಚರ್ಮ, ಕೊಂಬು ಇವನ್ನೆಲ್ಲ ಹೊತ್ತವರು ಇನ್ನೂರಕ್ಕೂ ಹೆಚ್ಚು ಮಂದಿ ಕೂಲಿಗಳು. ಆ ನಾಡಿನ ರೂಢಿಯಂತೆ ಒಬ್ಬೊಬ್ಬನ ತಲೆಯ ಮೇಲೆ ಸುಮಾರು ೬೦ ಪೌಂಡು, ಎಂದರೆ ೨೭ ಕಿಲೋ. ರೂಸ್‌ವೆಲ್ಟರು ತಮ್ಮ ಪುಸ್ತಕದಲ್ಲಿ ಈ ಜನರನ್ನು ಮರೆಯಲಿಲ್ಲ, ವಿಶ್ವಾಸದಿಂದಲೇ ನೆನೆದಿದ್ದಾರೆ. ಆದರೆ ಹೊರೆಯನ್ನು ಹಗುರಾಗಿಸುವ ಯಾವ ಉಪಾಯವೂ ಆ ಯಾತ್ರೆಯಲ್ಲಿ ಹುಟ್ಟಲಿಲ್ಲ. ಹುಟ್ಟುವ ಅಗತ್ಯವೇ ಇರಲಿಲ್ಲವಲ್ಲ! ಭಾರ ಹೆಚ್ಚಾದರೆ ಇನ್ನೊಬ್ಬ ಕೂಲಿಯನ್ನು ಸೇರಿಸಿದರಾಯಿತು. ನಮ್ಮಲ್ಲಿನ ಶಿಕಾರಿಯ ದಿನಗಳೂ ಹೀಗೆಯೇ. ಚಾಮರಾಜನಗರದ ಸೀಮೆಯಲ್ಲಿ ವರ್ಷಗಟ್ಟಲೆ ಕಳೆದ ಸ್ಯಾಂಡರ್‌ಸನ್ ತನ್ನ ೧೮೭೮ರ ಪುಸ್ತಕದಲ್ಲಿ ಕಾಡುಜನರ ಹೆಜ್ಜೆ ಹಿಡಿಯುವ ಜಾಣತನವನ್ನು ಮನಸಾರೆ ಹೊಗಳುತ್ತಾನೆ. ದೊರೆಗಳ ಕೈಗೆ ಬಂದೂಕು, ಉಳಿದುದೆಲ್ಲ ಊರಿನವರ ತಲೆಗೆ. ತಲೆಗೊಂದು ಸಿಂಬಿ, ಹೆಗಲಿಗೊಂದು ಅಡ್ಡೆ.

ಅದೇ ೧೯೦೯ರಲ್ಲಿ ನಾರ್ವೆ ದೇಶದಲ್ಲಿ ಓಲೆ ಬರ್ಗನ್ ಎಂಬಾತ ಬೆನ್ನುಚೀಲಕ್ಕೆ ಹೊಸ ಬಗೆಯ ಚೌಕಟ್ಟೊಂದನ್ನು ಜೋಡಿಸಿ ಹಕ್ಕುಪತ್ರ ಪಡೆದ. ಹಿಂದಿನ ವರ್ಷ ಬೇಟೆಗೆ ಹೋಗಿದ್ದಾಗ ಅವನ ಬೆನ್ನಿನಲ್ಲಿದ್ದುದು ಆ ಕಾಲದ ಮೆತ್ತನೆಯ ಚೀಲ. ಭಾರ ತುಂಬಿದೊಡನೆ ಅದು ಗುಂಡಗೆ ಉಬ್ಬಿ, ಹೆಗಲನ್ನು ಹಿಂದಕ್ಕೆ ಜಗ್ಗಿ, ಬೆನ್ನನ್ನು ಒತ್ತುತ್ತಿತ್ತು. ಆತ ಜುನಿಪರ್ ಗಿಡದ ಕೊಂಬೆಯೊಂದನ್ನು ಕಡಿದು, ಬೆನ್ನಿನ ಬಾಗಿಗೆ ಸರಿಯಾಗಿ ಬಗ್ಗಿಸಿ, ಚೀಲಕ್ಕೂ ಮೈಗೂ ನಡುವೆ ಕೂರಿಸಿದನಂತೆ. ಮನೆಗೆ ಬಂದ ಮೇಲೆ ಕೊಂಬೆಯ ಜಾಗಕ್ಕೆ ಉಕ್ಕಿನ ಕೊಳವೆ ಬಂತು. ಬ್ರಿಟಿಷ್ ಸೈನಿಕರು ಇಂದಿಗೂ ತಮ್ಮ ಬೆನ್ನುಚೀಲವನ್ನು ‘ಬರ್ಗನ್’ ಎಂದೇ ಕರೆಯುತ್ತಾರೆಂದರೆ ಆ ಹೆಸರು ಎಷ್ಟು ದೂರ ಹೋಯಿತೆಂಬುದು ತಿಳಿಯುತ್ತದೆ. ಹೆಚ್ಚುಕಡಿಮೆ ಒಂದೇ ಕಾಲ, ಎರಡು ಬೇಟೆ. ಕೂಲಿಗಳಿದ್ದ ಕಡೆ ಉಪ್ಪಿನ ಮೂಟೆ ತಲೆಯ ಮೇಲೆಯೇ ಉಳಿಯಿತು. ತನ್ನ ಭಾರವನ್ನು ತಾನೇ ಹೊರಬೇಕಾದವನು ಮರದ ಕೊಂಬೆಯನ್ನು ಬಗ್ಗಿಸಿದ.

ಹಾಗೆಂದು ಬರ್ಗನ್ನನನ್ನು ಚೌಕಟ್ಟಿನ ಆದಿಪುರುಷ ಎನ್ನುವಂತಿಲ್ಲ. ೧೯೯೧ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು ೫,೩೦೦ ವರ್ಷಗಳ ಹಿಂದಿನ ಮನುಷ್ಯನೊಬ್ಬನ ಶರೀರ ಸಿಕ್ಕಿದ ಸಂಗತಿಯನ್ನು ನೀವು ಓದಿರಬಹುದು. ಅವನನ್ನು ಏಟ್ಸಿ ಎಂದು ಕರೆಯುತ್ತಾರೆ. ತಾಮ್ರದ ಕೊಡಲಿ, ಪೂರ್ತಿಯಾಗದ ಬಿಲ್ಲು, ಬತ್ತಳಿಕೆ ಇವುಗಳೊಡನೆ ಅಲ್ಲಿ ದೊರೆತದ್ದು ಹೇಜಲ್ ಗಿಡದ ಸುಮಾರು ಎರಡು ಮೀಟರ್ ಉದ್ದದ ಒಂದು ಕೋಲು. ಕುದುರೆಯ ಲಾಳದಂತೆ ಬಗ್ಗಿಸಿದ್ದು. ಜೊತೆಗೆ ಲಾರ್ಚ್ ಮರದ ಎರಡು ಅಡ್ಡಪಟ್ಟಿಗಳು. ಇದು ಬೆನ್ನಿಗೆ ಕಟ್ಟಿಕೊಳ್ಳುವ ಹೊರೆಚೌಕಟ್ಟು ಎಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಅವನ ಹೊಟ್ಟೆಯಲ್ಲಿ ಕಾಡುಮೇಕೆಯ ಮತ್ತು ಜಿಂಕೆಯ ಮಾಂಸವಿತ್ತು. ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿ ಅವನ ಕೊಡಲಿಯ ಮುಂದೆ ನೆರೆಯುವಷ್ಟು ಜನ ಈ ಬಾಗಿದ ಕೋಲಿನ ಮುಂದೆ ನೆರೆಯುವುದುಂಟೋ ಇಲ್ಲವೋ! ಕೋಲಿಗೆ ಅಂಥ ಮಿರುಗು ಎಲ್ಲಿಂದ ಬರಬೇಕು?

ಕೊರಿಯದ ರೈತನ ‘ಜಿಗೆ’ಯೂ ಇದೇ ಜಾತಿಯದು. ಕವಲೊಡೆದ ಎರಡು ಕೊಂಬೆಗಳನ್ನು ಅಡ್ಡಪಟ್ಟಿಯಿಂದ ಸೇರಿಸಿ, ಹುಲ್ಲಿನ ಹಗ್ಗದ ಹೆಗಲಪಟ್ಟಿ ಹಾಕಿದರೆ ಮುಗಿಯಿತು. ಕವಲಿನ ಮೇಲೆ ಸೌದೆ, ಗೊಬ್ಬರ, ಮಡಕೆ ಏನನ್ನಾದರೂ ಕೂರಿಸಬಹುದು. ೧೯೫೦ರ ಕೊರಿಯ ಯುದ್ಧದಲ್ಲಿ ವಾಹನಗಳು ಏರಲಾರದ ಗುಡ್ಡಗಳಿಗೆ ಮದ್ದುಗುಂಡು ಮುಟ್ಟಿದ್ದು ಈ ರೈತರ ಬೆನ್ನಿನ ಮೇಲೆ. ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರದ ಆಕಾರವಿದ್ದುದರಿಂದ ಅಮೆರಿಕದ ಸೈನಿಕರು ಅದಕ್ಕೆ ಎ-ಚೌಕಟ್ಟು ಎಂದು ಹೆಸರಿಟ್ಟರು.

ನಮ್ಮ ವಿಷಯಕ್ಕೆ ಬರೋಣ. ಬಡ ಬೇಟೆಗಾರನ ಕೈಗೆ ಎಟುಕುವ ಬೆನ್ನುಚೀಲದ ಕಥೆ ನಿಜವಾಗಿ ಆರಂಭವಾಗುವುದು ಲಾಯ್ಡ್ ನೆಲ್ಸನ್ ಎಂಬಾತನಿಂದ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಬ್ರೆಮರ್ಟನ್ ಊರಿನ ನೌಕಾದಳದ ಹಡಗುಕಟ್ಟೆಯಲ್ಲಿ ಆತ ಕೆಲಸಗಾರ. ೧೯೨೦ರಲ್ಲಿ ಎಣ್ಣೆಯ ನೆಲ ಹುಡುಕುತ್ತ ಅಲಾಸ್ಕಾಕ್ಕೆ ಹೋದ. ಅಲ್ಲಿಯ ಮೂಲನಿವಾಸಿಯೊಬ್ಬನಿಂದ ಎರವಲು ಪಡೆದ ಹೊರೆಹಲಗೆಯೊಂದನ್ನು ಬೆನ್ನಿಗೆ ಹಾಕಿಕೊಂಡು ಅಲೆದ. ವಿಲೋ ಮರದ ಕೋಲುಗಳಿಗೆ ಕಡಲುನಾಯಿಯ ಚರ್ಮವನ್ನು ಬಿಗಿದು ಮಾಡಿದ ಹಲಗೆ ಅದು. ಮೈ ನೊಂದರೂ ಅದರ ತತ್ತ್ವ ಅವನಿಗೆ ಹಿಡಿಸಿತು. ಊರಿಗೆ ಮರಳಿ ವರ್ಷಗಟ್ಟಲೆ ತಿದ್ದಿ, ೧೯೨೪ರಲ್ಲಿ ಹಕ್ಕುಪತ್ರ ಪಡೆದ. ಎರಡು ನೆಟ್ಟ ಮರದ ಪಟ್ಟಿ, ಅವನ್ನು ಜೋಡಿಸುವ ಅಡ್ಡಪಟ್ಟಿ, ಅವುಗಳ ನಡುವೆ ಹಗ್ಗದಿಂದ ಬಿಗಿಯಾಗಿ ಎಳೆದು ಕಟ್ಟಿದ ಕ್ಯಾನ್ವಾಸ್. ಬೆನ್ನು ತಗಲುವುದು ಬಟ್ಟೆಗೆ, ಮರಕ್ಕಲ್ಲ. ಚೀಲವನ್ನು ಎರಡು ಉದ್ದನೆಯ ತಂತಿಗಳಿಂದ ಚೌಕಟ್ಟಿಗೆ ಕೋದಿರುತ್ತಾರೆ; ತಂತಿ ಎಳೆದರೆ ಚೀಲ ಕಳಚಿ ಕೈಗೆ ಬರುತ್ತದೆ.

ಬೇಟೆಗಾರನ ಕಣ್ಣಿನಿಂದ ನೋಡಿದರೆ ಇಡೀ ಜಾಣತನ ಆ ತಂತಿಯಲ್ಲಿದೆ. ಹೋಗುವಾಗ ಅವನಿಗೆ ಚೀಲ ಬೇಕು: ಹೊದಿಕೆ, ಅಕ್ಕಿಬೇಳೆಯಂಥ ದಿನಸಿ, ಹಗ್ಗ, ಚಾಕು. ಬರುವಾಗ ಬೇಕಾದದ್ದು ಬರಿಯ ಚೌಕಟ್ಟು. ಮೃಗದ ತೊಡೆಯನ್ನು ಯಾವ ಚೀಲದೊಳಗೂ ತುರುಕಲಾಗದು. ತುರುಕಿದರೂ ಅದು ತಳಕ್ಕೆ ಕುಸಿದು, ನಡೆಯುವವನನ್ನು ಹಿಂದಕ್ಕೆ ಎಳೆಯುತ್ತದೆ. ಚೌಕಟ್ಟಿನ ಮೇಲೆ ಎತ್ತರದಲ್ಲಿ, ಬೆನ್ನಿಗೆ ಅಂಟಿದಂತೆ ಬಿಗಿದು ಕಟ್ಟಿದರೆ ಅದೇ ತೂಕ ಬೇರೆಯೇ ಆಗುತ್ತದೆ. ನೆಲ್ಸನ್ನನ ಹಲಗೆ ಅರಣ್ಯ ಇಲಾಖೆಯ ಕಾವಲುಗಾರರಿಗೆ ಹೋಯಿತು, ಸ್ಕೌಟ್ ಹುಡುಗರಿಗೆ ಹೋಯಿತು, ಗಣಿ ಅಗೆಯುವವರಿಗೆ ಹೋಯಿತು. ‘ಟ್ರ್ಯಾಪರ್ ನೆಲ್ಸನ್’ ಎಂಬುದು ಆ ಸೀಮೆಯಲ್ಲಿ ಮನೆಮಾತಾಯಿತು. ಅದರ ಪೂರ್ತಿ ಹೆಸರಿನಲ್ಲಿ ‘ಇಂಡಿಯನ್’ ಎಂಬ ಮಾತೂ ಇತ್ತು. ಮೂಲ ಹಲಗೆಯನ್ನು ಕೊಟ್ಟ ಜನಾಂಗಕ್ಕೆ ಸಂದದ್ದು ಆ ಒಂದು ಮಾತು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಸಿಯಾಟಲ್ ನಗರದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಈ ಹಲಗೆಯೊಂದನ್ನು ಮುಟ್ಟಿ ನೋಡುವ ಯೋಗ ನನಗೆ ಒದಗಿತು. ಪಕ್ಕದ ಮನೆಯ ಮುದುಕ ನಿವೃತ್ತ ಬಡಗಿ. ಪ್ರತಿ ಶರತ್ಕಾಲದಲ್ಲಿ ಬೇಟೆಗೆ ಹೋಗಿ ಚಳಿಗಾಲದ ಮಾಂಸ ತರುವವನು. ಅವನ ಕೊಟ್ಟಿಗೆಯ ಗೋಡೆಗೆ ತಂದೆಯ ಕಾಲದ ಟ್ರ್ಯಾಪರ್ ನೆಲ್ಸನ್ ತೂಗುಬಿದ್ದಿತ್ತು. ನನ್ನ ಕುತೂಹಲ ಕಂಡು ಅದನ್ನು ಇಳಿಸಿ, ಇಪ್ಪತ್ತು ಕಿಲೋ ಅಕ್ಕಿಯ ಚೀಲ ಕಟ್ಟಿ ನನ್ನ ಬೆನ್ನಿಗೇರಿಸಿದ. “ಅಪ್ಪಾ, ಈ ವಯಸ್ಸಿನಲ್ಲಿ ಬೆನ್ನು ಮುರ್ಕೋಬೇಡಿ” ಎಂದು ಮಗಳು ಬೇಲಿಯಾಚೆಯಿಂದ ಕೂಗಿದಳು. ಹತ್ತು ಹೆಜ್ಜೆಗೇ ಹೆಗಲು ಉರಿಯತೊಡಗಿತು. ಆಗ ಆತ ಅದನ್ನಿಳಿಸಿ, ಅದೇ ಅಕ್ಕಿಯನ್ನು ಇನ್ನೊಂದು ಚೌಕಟ್ಟಿಗೆ ಕಟ್ಟಿದ. ಅದಕ್ಕೆ ಅಗಲವಾದ ಸೊಂಟಪಟ್ಟಿಯಿತ್ತು. ಪಟ್ಟಿಯನ್ನು ಸೊಂಟದ ಎಲುಬಿನ ಮೇಲೆ ಬಿಗಿದು, ಹೆಗಲಪಟ್ಟಿಯನ್ನು ಒಂದಿಷ್ಟು ಸಡಿಲಿಸಿದ. ಹೊರೆ ಇದ್ದಕ್ಕಿದ್ದಂತೆ ಹೆಗಲಿನಿಂದ ಇಳಿದು ಕಾಲಿಗೆ ಹೋಯಿತು. ಹೆಗಲಪಟ್ಟಿಯ ಕೆಳಗೆ ಎರಡು ಬೆರಳು ತೂರಿಸುವಷ್ಟು ಜಾಗವಾಯಿತು. “ಹೆಗಲು ಇರುವುದು ಹೊರೆ ಬೀಳದಂತೆ ಹಿಡಿಯುವುದಕ್ಕೆ, ಹೊರುವುದಕ್ಕಲ್ಲ” ಎಂದು ಆತ ಹೇಳಿದ. ಕಂಕುಳಲ್ಲಿ ಕೊಡವಿಟ್ಟು ನೀರು ತರುವ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡ ಕೂರುವುದು ಸೊಂಟದ ಮೇಲೆ. ತೋಳು ಅದನ್ನು ಹಿಡಿದಿರುತ್ತದೆ, ಅಷ್ಟೆ.

ಈ ಸೊಂಟದ ರಹಸ್ಯ ಚೌಕಟ್ಟಿನ ಚರಿತ್ರೆಯಲ್ಲಿ ತಡವಾಗಿ ಬಂದದ್ದು ಆಶ್ಚರ್ಯ. ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಎಂಬ ಬಡಗಿ ಸಿಯೆರಾ ಪರ್ವತಗಳಲ್ಲಿ ಗೆಳೆಯನೊಡನೆ ಮರದ ಚೌಕಟ್ಟು ಹೊತ್ತು ನಡೆಯುತ್ತಿದ್ದಾಗ, ಚೌಕಟ್ಟಿನ ಕೆಳತುದಿಗಳನ್ನು ಷರಾಯಿಯ ಹಿಂಜೇಬುಗಳಿಗೆ ಸಿಕ್ಕಿಸಿ ನೋಡಿದರಂತೆ. ಭಾರ ಹೆಗಲು ಬಿಟ್ಟು ಸೊಂಟಕ್ಕೆ ಬಂತು. ೧೯೫೨ರಲ್ಲಿ ಕೆಲ್ಟಿ ಗ್ಲೆಂಡೇಲಿನ ತನ್ನ ಮನೆಯ ಮೋಟಾರು ಕೊಟ್ಟಿಗೆಯಲ್ಲಿ, ಬೆನ್ನಿನ ಬಾಗಿಗೆ ಹೊಂದುವ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು ಮಾಡತೊಡಗಿದ. ಚೀಲ ಹೊಲಿದವಳು ಹೆಂಡತಿ ನೀನಾ. ಮೊದಲ ವರ್ಷ ಮಾರಾಟವಾದದ್ದು ೨೯, ಒಂದಕ್ಕೆ ೨೪ ಡಾಲರ್. ಸೊಂಟಪಟ್ಟಿ ಕ್ರಮೇಣ ಅಗಲವಾಗಿ, ಮೆತ್ತೆ ಕಂಡು, ಇಂದಿನ ರೂಪಕ್ಕೆ ಬಂತು. ಏಟ್ಸಿಯ ಕೋಲಿನಿಂದ ಕೆಲ್ಟಿಯ ಜೇಬಿನವರೆಗೆ ಐದು ಸಾವಿರ ವರ್ಷ!

ಇಷ್ಟೆಲ್ಲ ಏಕೆ ಮುಖ್ಯವೆಂಬುದು ತಿಳಿಯಬೇಕಾದರೆ ಒಂದು ಲೆಕ್ಕ ಮಾಡಬೇಕು. ಅಲಾಸ್ಕಾದಲ್ಲಿ ಮೂಸ್ ಎಂಬ ಪ್ರಾಣಿಯಿದೆ. ಜಿಂಕೆಯ ಕುಲದ್ದೇ, ಆದರೆ ದೊಡ್ಡ ಗಂಡು ೧,೬೦೦ ಪೌಂಡು ತೂಗುತ್ತದೆ. ಅದರಿಂದ ದೊರೆಯುವ ಮಾಂಸ ಸುಮಾರು ೫೦೦ ಪೌಂಡು, ನಮ್ಮ ಲೆಕ್ಕದಲ್ಲಿ ೨೨೫ ಕಿಲೋ. ಮೂಳೆಯೊಡನೆ ಒಂದು ಹಿಂದೊಡೆಯೇ ೫೦ ಕಿಲೋ ದಾಟುವುದುಂಟು. ಮೂಳೆ ಬಿಡಿಸಿ ಒಮ್ಮೆಗೆ ೩೨ ಕಿಲೋ ಹೊತ್ತರೂ ಏಳು ಸಲ ಹೊರಬೇಕು. ದಾರಿ ಅಥವಾ ದೋಣಿ ಇರುವ ಜಾಗಕ್ಕೆ ಮೂರು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹೊರೆಯೊಡನೆ ಏಳು ಸಲ, ಖಾಲಿ ಬೆನ್ನಿನಲ್ಲಿ ಆರು ಸಲ: ೩೯ ಕಿಲೋಮೀಟರ್. ಅದೂ ಜೌಗು ನೆಲದಲ್ಲಿ, ಮೊಣಕಾಲುದ್ದದ ಪೊದೆಗಳ ನಡುವೆ. ಬೇಟೆ ಒಂದು ಗುಂಡಿನ ಶಬ್ದದೊಡನೆ ಮುಗಿಯುತ್ತದೆಂದು ನಂಬಿದವರು ಈ ಲೆಕ್ಕವನ್ನು ಮಾಡಿದವರಲ್ಲ.

ಅಲ್ಲಿಯ ಕಾನೂನು ಈ ವಿಷಯದಲ್ಲಿ ನಿಷ್ಠುರವಾಗಿದೆ. ಮೂಸನ್ನು ಕೊಂದವನು ತಿನ್ನಲು ಯೋಗ್ಯವಾದ ಮಾಂಸವನ್ನೆಲ್ಲ ಹೊರತರಲೇಬೇಕು. ಕಾಡಿನಲ್ಲಿ ಕೊಳೆಯಲು ಬಿಟ್ಟರೆ ಅಪರಾಧ. ಕೊಂಬನ್ನು ಮೊದಲು ಒಯ್ಯುವಂತಿಲ್ಲ, ಮಾಂಸದ ಕೊನೆಯ ಹೊರೆಯೊಡನೆ ಮಾತ್ರ ಅದು ಹೊರಡಬಹುದು. ಕೆಲವು ವಲಯಗಳಲ್ಲಿ ಮಾಂಸವನ್ನು ಮೂಳೆಯಿಂದ ಬಿಡಿಸುವುದಕ್ಕೂ ಅನುಮತಿಯಿಲ್ಲ. ಈ ನಿಯಮಗಳನ್ನು ಓದಿದಾಗ ನನಗೆ ಆ ನಾಡಿನ ಮೇಲೆ ಗೌರವ ಹೆಚ್ಚಿತು. ಜೀವ ತೆಗೆದ ಮೇಲೆ ಅದರ ಭಾರವನ್ನು ಪೂರ್ತಿ ಹೊರು ಎಂದು ಕಾನೂನೇ ಹೇಳುತ್ತದೆ. ಆದರೆ ಆ ಆಜ್ಞೆಯನ್ನು ಪಾಲಿಸಬೇಕಾದದ್ದು ಒಬ್ಬ ಮನುಷ್ಯನ ಬೆನ್ನು. ನಾಲ್ಕನೆಯ ಹೊರೆಗೆ ಹೆಗಲಪಟ್ಟಿ ಹರಿದರೆ, ಚೌಕಟ್ಟು ತಿರುಚಿಕೊಂಡು ಸೊಂಟ ಹಿಡಿದರೆ, ಉಳಿದ ಮೂರು ಹೊರೆ ಕರಡಿಗೆ. ಕೆಟ್ಟ ಬೆನ್ನುಚೀಲ ಮನುಷ್ಯನಿಗೆ ನೋವು ಮಾತ್ರವಲ್ಲ, ಸತ್ತ ಪ್ರಾಣಿಗೆ ಮಾಡಿದ ಅವಮಾನವೂ ಹೌದು. ಬಡಗಿಯಂಥವರಿಗೆ ಅದು ಮಾರ್ಚಿಯವರೆಗಿನ ಊಟದ ಪ್ರಶ್ನೆಯೂ ಹೌದು.

ಹಾಗಾದರೆ ಒಳ್ಳೆಯದಕ್ಕೆ ಎಷ್ಟು ಹಣ ಬೇಕು? ಇಂದು ಅಮೆರಿಕದ ಅಂಗಡಿಗಳಲ್ಲಿ ಬೇಟೆಗೆಂದೇ ಮಾಡಿದ ಬೆನ್ನುಚೀಲಗಳಿಗೆ ಐನೂರು, ಆರುನೂರು ಡಾಲರ್ ಬೆಲೆಯಿದೆ. ಎಲೆಯ ಬಣ್ಣ, ಹತ್ತಾರು ಜೇಬು, ಜಿಪ್ಪುಗಳು. ಅವುಗಳಲ್ಲಿ ಉತ್ತಮವಾದವು ನಿಜಕ್ಕೂ ಉತ್ತಮವೇ. ಚೀಲವನ್ನು ಚೌಕಟ್ಟಿನಿಂದ ಸರಿಸಿ, ನಡುವೆ ಮಾಂಸವನ್ನು ಬಿಗಿಯುವ ಅವುಗಳ ಏರ್ಪಾಡು ನೆಲ್ಸನ್ನನ ತಂತಿಯ ಮೊಮ್ಮಗ. ಆದರೆ ಬಡಗಿಯ ಅಭಿಪ್ರಾಯ ಬೇರೆ. ಕೈಯಲ್ಲಿ ಹಣ ಕಡಿಮೆಯಿದ್ದವನು ಚೀಲವನ್ನು ನೋಡಬಾರದು, ಚೌಕಟ್ಟನ್ನು ನೋಡಬೇಕು. ಎರಡು ಮೂಲೆ ಹಿಡಿದು ತಿರುಚಿದರೆ ಅದು ಬಾಗಬಾರದು. ಅದರ ಉದ್ದ ಕತ್ತಿನ ಬುಡದ ಎಲುಬಿನಿಂದ ಸೊಂಟದವರೆಗಿನ ತನ್ನ ಅಳತೆಗೆ ಹೊಂದಬೇಕು. ಎತ್ತರದವನ ಚೌಕಟ್ಟು ಗಿಡ್ಡನಿಗೆ ಪುಕ್ಕಟೆ ಸಿಕ್ಕರೂ ದುಬಾರಿಯೇ. ಸೊಂಟಪಟ್ಟಿ ಗಟ್ಟಿಯಾಗಿರಬೇಕು, ಹೊರೆ ಏರಿದಾಗ ಮಡಿಸಿಕೊಳ್ಳಬಾರದು. ಅಂಗಡಿಯವನ ಮುಂದೆ ಖಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡುವವನಿಗೆ ಇವು ಯಾವುವೂ ತಿಳಿಯುವುದಿಲ್ಲ, ಮೂವತ್ತು ಕಿಲೋ ಕಟ್ಟಿ ಮೆಟ್ಟಿಲು ಹತ್ತಿ ಇಳಿದವನಿಗೆ ಕಾಲು ಗಂಟೆಯಲ್ಲಿ ತಿಳಿಯುತ್ತದೆ. ಬಟ್ಟೆಯ ಬಣ್ಣದ ಬಗ್ಗೆ ಕೇಳಿದೆ. ರಕ್ತದ ಕಲೆ ಹತ್ತಿದ ಮೇಲೆ ಎಲ್ಲ ಬಣ್ಣವೂ ಒಂದೇ ಎಂದ.

ಚೌಕಟ್ಟೂ ಸೊಂಟಪಟ್ಟಿಯೂ ಎಲ್ಲಕ್ಕೂ ಉತ್ತರವೆಂದು ಮಾತ್ರ ಹೇಳಲಾರೆ. ಎವರೆಸ್ಟಿನ ದಾರಿಯಲ್ಲಿ ನಡೆಯುವ ನೇಪಾಳದ ಹಮಾಲರನ್ನು ಅಳೆದು ೨೦೦೫ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕವೊಂದಿದೆ. ಗಂಡಸರು ಹೊತ್ತ ಹೊರೆ ಸರಾಸರಿಯಲ್ಲಿ ಅವರ ಸ್ವಂತ ತೂಕದ ನೂರಕ್ಕೆ ೯೩, ಹೆಂಗಸರದು ನೂರಕ್ಕೆ ೬೬. ಅವರ ಉಪಕರಣ ಒಂದು ಬಿದಿರಿನ ಬುಟ್ಟಿ, ಹಣೆಗೆ ಹಾಕುವ ‘ನಾಮ್ಲೊ’ ಎಂಬ ಪಟ್ಟಿ, ನಿಂತು ಸುಧಾರಿಸಿಕೊಳ್ಳುವಾಗ ಹೊರೆಗೆ ಆನಿಸಲು ಒಂದು ಊರುಗೋಲು. ಕೆನಡಾದ ಚರ್ಮದ ವ್ಯಾಪಾರದ ದಿನಗಳಲ್ಲಿ ದೋಣಿಯಾಳುಗಳು ೯೦ ಪೌಂಡಿನ ಕಟ್ಟುಗಳನ್ನು ಎರಡೆರಡಾಗಿ ಹೊತ್ತದ್ದೂ ಹಣೆಪಟ್ಟಿಯಿಂದಲೇ. ಆದರೆ ಆ ಶಕ್ತಿಯನ್ನು ಕತ್ತು ಬಾಲ್ಯದಿಂದ ಕಲಿಯಬೇಕು. ವರ್ಷಕ್ಕೊಮ್ಮೆ ಕಾಡಿಗೆ ಹೋಗುವ ಬಡಗಿಗೂ ಗುಮಾಸ್ತೆಗೂ ಅದು ಒದಗುವುದಿಲ್ಲ. ಹಣೆಪಟ್ಟಿಗೆ ಬೆಲೆ ಕಡಿಮೆ, ಅದನ್ನು ಹೊರುವ ಕತ್ತಿಗೆ ಕಡಿಮೆಯಲ್ಲ.

ಇಂಥವರಿಗೆ ಅಗ್ಗದ ಚೌಕಟ್ಟನ್ನು ಒದಗಿಸಿದ್ದು ಅಂಗಡಿಗಿಂತ ಹೆಚ್ಚಾಗಿ ಸೈನ್ಯ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಪ್ಲೈವುಡ್ಡನ್ನು ಬೆನ್ನಿನ ಆಕಾರಕ್ಕೆ ಬಗ್ಗಿಸಿ ಹೊರೆಹಲಗೆ ಮಾಡಿಸಿತು. ಯುದ್ಧ ಮುಗಿದ ಮೇಲೆ ಅವು ಹಳೆಯ ಸಾಮಾನಿನ ಅಂಗಡಿಗಳಿಗೆ ಬಂದವು. ೧೯೭೩ರಲ್ಲಿ ಅದೇ ಸೈನ್ಯ ಅಂಗೀಕರಿಸಿದ ಸಲಕರಣೆಯ ಹೆಸರು ‘ಆಲಿಸ್’. ಇಂಗ್ಲಿಷಿನ ಉದ್ದನೆಯ ಹೆಸರೊಂದರ ಮೊದಲಕ್ಷರಗಳು ಸೇರಿ ಹುಡುಗಿಯೊಬ್ಬಳ ಹೆಸರಾಯಿತು. ಅದರ ದೊಡ್ಡ ಚೀಲಕ್ಕೆ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು. ನೀರಿನ ಡಬ್ಬಿಯಂಥ ಭಾರಗಳನ್ನು ಕೂರಿಸಲು ಆ ಚೌಕಟ್ಟಿಗೆ ಸಿಕ್ಕಿಸುವ ಪುಟ್ಟ ಅಡ್ಡಹಲಗೆಯೂ ಉಂಟು. ಸೈನಿಕರು ಅದನ್ನು ಬೈದದ್ದೇ ಹೆಚ್ಚು, ಅದರ ಸೊಂಟಪಟ್ಟಿ ತೀರ ತೆಳುವಾಗಿತ್ತು. ತೊಂಬತ್ತರ ದಶಕದ ಕೊನೆಯಿಂದ ಸೈನ್ಯ ‘ಮೋಲಿ’ ಎಂಬ ಹೊಸ ಸಲಕರಣೆಗೆ ಹೊರಳಿದಾಗ ಆಲಿಸ್ ಚೌಕಟ್ಟುಗಳು ರಾಶಿರಾಶಿಯಾಗಿ ಹೊರಬಿದ್ದವು. ನನ್ನ ಬೆನ್ನಿಗೆ ಬಡಗಿ ಎರಡನೆಯ ಸಲ ಏರಿಸಿದ್ದು ಅಂಥದೊಂದನ್ನೇ. ಬೇಟೆಗಾರರು ಅದರ ತೆಳುಪಟ್ಟಿಯನ್ನು ಕತ್ತರಿಸಿ, ಮೋಲಿ ಚೀಲದ ದಪ್ಪನೆಯ ಸೊಂಟಪಟ್ಟಿಯನ್ನು ಅದಕ್ಕೆ ಜೋಡಿಸಿಕೊಳ್ಳುತ್ತಾರೆ. ಎರಡೂ ಹಳೆಯ ಸಾಮಾನಿನ ಅಂಗಡಿಯಲ್ಲೇ ದೊರೆಯುತ್ತವೆ. ಚೀಲವನ್ನು ಬಿಚ್ಚಿ ಡೇರೆಯಲ್ಲಿ ಬಿಡುತ್ತಾರೆ. ಮಾಂಸವನ್ನು ತೆಳುವಾದ ಹತ್ತಿಬಟ್ಟೆಯ ಚೀಲದಲ್ಲಿ ಸುತ್ತಿ, ಗಾಳಿಯಾಡುವಂತೆ ನೇರವಾಗಿ ಚೌಕಟ್ಟಿಗೇ ಬಿಗಿದು ಹೊರಡುತ್ತಾರೆ.